ಹೊಸ ಗಾಡಿಗೆ ಕ್ಲಚ್ ಇಷ್ಟು ಬಿಗಿ ಇರುತ್ತಾ? ಎಡಗೈ ಸೋತುಹೋಗಿದೆ

ಎಸ್ಸೆಸ್‌ಪುರಂ ಹುಡುಗ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ಹೋದ ತಿಂಗಳು 350 ಸಿಸಿ ಗಾಡಿ ತಗೊಂಡೆ. ಯಾವ ಕಂಪನಿ, ಯಾವ ಶೋರೂಮು ಅಂತ ಕೇಳ್ಬೇಡಿ. ಹೇಳಿದ್ರೆ ‘ಅದನ್ನ ಯಾಕೆ ತಗೊಂಡೆ’ ಅನ್ನೋ ಜಗಳ ಶುರುವಾಗುತ್ತೆ, ನನ್ನ ಕೈನೋವು ಮೂಲೆಗೆ ಬೀಳುತ್ತೆ.

ವಿಷಯ ಇಷ್ಟು. ಕ್ಲಚ್ ಲಿವರ್ ಕಲ್ಲಿನ ಹಾಗಿದೆ. ಕೆಲಸ ವಸಂತನರಸಾಪುರದ ಕಡೆ, ಬೆಳಗ್ಗೆ ಶಿಫ್ಟು. ಹೈವೇಗೆ ಬಿದ್ದ ಮೇಲೆ ಏನೂ ಗೊತ್ತಾಗಲ್ಲ, ಟಾಪ್ ಗೇರಲ್ಲಿ ಹೋಗ್ತಿರ್ತೀನಿ. ಟೌನ್‌ಹಾಲ್‌ನಿಂದ ಶಿರಾಗೇಟ್ ದಾಟೋವರೆಗೆ ಮಾತ್ರ ನರಕ. ಸಂಜೆ ಅದೇ ದಾರೀಲಿ ವಾಪಸ್ ಬರೋ ಹೊತ್ತಿಗೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೂ ಸೆಳೆತ. ಮನೆಗೆ ಬಂದು ಅಂಗಿ ಗುಂಡಿ ಬಿಚ್ಚೋಕೆ ಬಲಗೈ ಒಂದೇ ಗತಿ.

ನಿನ್ನೆ ಹೆಂಡತೀನ ಕೂರಿಸ್ಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಬೆಟ್ಟ ಹತ್ತೋವಾಗ ಒಂದು ತಿರುವಲ್ಲಿ ಎದುರಿಗೆ ಟೆಂಪೋ ಬಂತು. ಕ್ಲಚ್ ಹಿಡಿದೆ, ಅರ್ಧಕ್ಕೇ ಬೆರಳು ಸೋತ್ವು. ಗಾಡಿ ಗಕ್ ಅಂತ ಆಫ್. ಹಿಂದಕ್ಕೆ ಎರಡಡಿ ಜಾರಿತು, ಕಾಲು ಕೊಟ್ಟು ನಿಲ್ಲಿಸಿದೆ. ಬೀಳಲಿಲ್ಲ, ಅಷ್ಟೇ ಪುಣ್ಯ. ಅವಳು ಇಳಿದು ಮುಂದಿನ ತಿರುವಿನವರೆಗೂ ನಡ್ಕೊಂಡೇ ಬಂದಳು. ಒಂದು ಮಾತೂ ಆಡಲಿಲ್ಲ.

ಶೋರೂಮಲ್ಲಿ ಕೇಳಿದ್ರೆ ‘ಹೊಸ ಗಾಡಿ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ’ ಅಂದ್ರು. 500 ಕಿ.ಮೀ.ಗೆ ಮೊದಲ ಸರ್ವೀಸ್‌ಗೆ ಬಿಟ್ಟಾಗಲೂ ಹೇಳ್ದೆ. ಲಿವರ್ ಬುಡಕ್ಕೆ ಏನೋ ಸ್ಪ್ರೇ ಹೊಡೆದು ಕೊಟ್ರು. ಎರಡು ದಿನ ಹಿತವಾಗಿತ್ತು, ಮೂರನೇ ದಿನ ಅದೇ ಕಥೆ. ಈಗ 640 ಕಿ.ಮೀ. ಇದಕ್ಕೂ ಮುಂಚೆ ಎಂಟು ವರ್ಷ 100 ಸಿಸಿ ಗಾಡಿ ಓಡಿಸಿದೀನಿ. ಅದಕ್ಕೇ ಹೀಗನ್ನಿಸ್ತಿದೆಯಾ, ಇಲ್ಲಾ ಗಾಡೀಲೇ ಏನಾದ್ರೂ ಇದೆಯಾ?

ಗುಬ್ಬಿಗೇಟ್ ಗಿರಾಕಿ | ಸೋಮವಾರ ರಾತ್ರಿ 9:52

ಗಾಡಿ ಜೊತೆ ಜಿಮ್ಮೂ ಫ್ರೀ ಕೊಟ್ಟಿದಾರೆ ಗುರು. ಇನ್ನಾರು ತಿಂಗಳು ಬಿಟ್ಟು ನೋಡು, ಎಡಗೈ ಪೈಲ್ವಾನ್ ಥರ, ಬಲಗೈ ನಿಂದೇ.

ತಿಪಟೂರು 44 | ಸೋಮವಾರ ರಾತ್ರಿ 10:05

ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ. ಕ್ಲಚ್ ವೈರ್ ಮೇಲ್ಗಡೆ ತುದಿ ಬಿಚ್ಚಿ ಒಂದು ಚಮಚ ಕೊಬ್ಬರಿ ಎಣ್ಣೆ ಬಿಡಿ. ಕಲ್ಪತರು ನಾಡಲ್ಲಿ ಹುಟ್ಟಿ ಎಣ್ಣೆಗೆ ಬರವಾ? ನಮ್ಮಪ್ಪ ಸೈಕಲ್ ಬ್ರೇಕಿಗೂ ಅದನ್ನೇ ಬಿಡ್ತಿದ್ರು.

ಶಿರಾಗೇಟ್ ಮೆಕ್ಯಾನಿಕ್ | ಸೋಮವಾರ ರಾತ್ರಿ 10:31

ತಿಪಟೂರಣ್ಣ, ಕೊಬ್ಬರಿ ಎಣ್ಣೆ ತಲೆಗೆ ಹಚ್ಕೊಳಿ, ವೈರಿಗೆ ಬೇಡ. 24 ಡಿಗ್ರಿಗಿಂತ ಕೆಳಗೆ ಬಂದ್ರೆ ಅದು ಹೆಪ್ಪುಗಟ್ಟುತ್ತೆ. ಡಿಸೆಂಬರಲ್ಲಿ ಬಾಟಲಿ ಬಿಸಿಲಿಗೆ ಇಟ್ಟು ಹಚ್ಕೊಳ್ತೀವಲ್ಲ, ಅದೇ ಎಣ್ಣೆ ವೈರಿನೊಳಗಿದ್ರೆ ಬೆಳಗ್ಗೆ ಏಳಕ್ಕೆ ಏನಾಗಿರುತ್ತೆ ಯೋಚನೆ ಮಾಡಿ. ಹೋದ ಚಳಿಗಾಲದಲ್ಲಿ ಹೀಗೇ ಒಬ್ಬರು ಗಾಡಿ ತಳ್ಕೊಂಡು ಬಂದಿದ್ರು. ಬೆಳಗ್ಗೆ ಕ್ಲಚ್ ಹಿಡಿದ್ರೆ ವಾಪಸ್ಸೇ ಬರ್ತಿಲ್ಲ, ಮಧ್ಯಾಹ್ನ ಸರಿಹೋಗುತ್ತೆ ಅಂತ. ವೈರ್ ಬಿಚ್ಚಿದ್ರೆ ಅಂಗಡಿ ತುಂಬ ಚಟ್ನಿ ವಾಸನೆ.

ತಮ್ಮಾ, 22 ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ‘ಸೆಟ್ ಆಗುತ್ತೆ’ ಅನ್ನೋ ಮಾತು ಅರ್ಧ ನಿಜ. ಕ್ಲಚ್ ಒಳಗಿನ ಹೊಸ ಪ್ಲೇಟು ಕೂತ್ಕೊಳ್ಳುತ್ತೆ, ಹೊಸ ವೈರು ಒಂಚೂರು ಎಳೆಯುತ್ತೆ, ಅದಕ್ಕೇ ಮೊದಲ ಸರ್ವೀಸಲ್ಲಿ ಪ್ಲೇ, ಅಂದ್ರೆ ವೈರ್ ಎಳೆಯೋಕೆ ಶುರು ಆಗೋ ಮುಂಚೆ ಲಿವರ್ ಸುಮ್ನೆ ಆಡೋ ಜಾಗ, ನೋಡಿ ಸರಿ ಮಾಡೋದು. ಆದ್ರೆ ಸೆಟ್ ಆದ್ಮೇಲೆ ಬದಲಾಗೋದು ಪ್ಲೇ, ಬಿಗಿ ಅಲ್ಲ. ಕಲ್ಲು ಬೆಣ್ಣೆ ಆಗಲ್ಲ. ಪ್ಲೇಟು ಒತ್ತಿ ಹಿಡಿಯೋ ಸ್ಪ್ರಿಂಗು ಮೊದಲ ದಿನ ಎಷ್ಟು ಒತ್ತುತ್ತೋ 640ನೇ ಕಿಲೋಮೀಟರಲ್ಲೂ ಅಷ್ಟೇ ಒತ್ತುತ್ತೆ.

ನಿನ್ನ ಕೈಗೆ ಸ್ಪ್ರಿಂಗಿನ ಭಾರ ಒಂದೇ ಬರೋದಲ್ಲ. ಲಿವರ್ ಬೋಲ್ಟು, ವೈರು, ವೈರು ಎಳೆಯೋ ಎಂಜಿನ್ ಮೇಲಿನ ಆರ್ಮು, ಎಲ್ಲದರ ಬಾಕಿನೂ ನಿನ್ನ ಬೆರಳೇ ತೀರಿಸ್ಬೇಕು. ಯಾವುದು ಜಾಸ್ತಿ ಕೇಳ್ತಿದೆ ಅಂತ ಮೊದ್ಲು ಕಂಡುಹಿಡಿ. ಒಂದು ಪ್ರಶ್ನೆ. ನಿಂತ ಗಾಡೀಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಕ್ಲಚ್ ಹಿಡಿ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಹಿಡಿ. ಎರಡೂ ಒಂದೇ ಥರ ಇದೆಯಾ?

ಮಧುಗಿರಿ ಮೇಡಂ | ಮಂಗಳವಾರ ಬೆಳಗ್ಗೆ 6:15

ದಿನಾ ಮಧುಗಿರಿಯಿಂದ ಕೊರಟಗೆರೆ ಕಡೆ ಶಾಲೆಗೆ ಬೈಕಲ್ಲೇ ಹೋಗುವವಳು ನಾನು. (‘ಗುರು’, ‘ಮಗಾ’ ಅಂತ ಉತ್ತರ ಬರೆಯುವ ಮುಂಚೆ ಹೇಳಿಬಿಡೋಣ ಅಂತ.) ನನ್ನ ಕೈ ಚಿಕ್ಕದು, ಗಾಡಿ ಮಾಡಿದವರು ನನ್ನ ಕೈ ನೋಡಿ ಮಾಡಿಲ್ಲ. ಮೊದಲ ವರ್ಷ ನನಗೂ ಇದೇ ಗೋಳು.

ನೀವು ಲಿವರ್ ಎಲ್ಲಿ ಹಿಡೀತೀರಿ ನೋಡಿಕೊಳ್ಳಿ. ತೋರುಬೆರಳು, ನಡುಬೆರಳು ಎರಡರಲ್ಲೇ, ಅದೂ ಬುಡದ ಹತ್ತಿರ ಹಿಡಿದರೆ ಬಂಡೆ ಎತ್ತಿದ ಹಾಗೆ. ಕೈ ಹೊರಕ್ಕೆ ಸರಿಸಿ, ಲಿವರ್ ತುದಿಯ ಗುಂಡಿನ ಹತ್ತಿರ ನಾಲ್ಕು ಬೆರಳೂ ಹಾಕಿ. ಬಾವಿ ರಾಟೆಯ ಹಿಡಿಕೆ ಉದ್ದ ಇದ್ದಷ್ಟೂ ಸೇದುವುದು ಸಲೀಸು, ಇದೂ ಹಾಗೇ. ಚೆಂದ ಕಾಣುತ್ತೆ ಅಂತ ಗಿಡ್ಡ ಲಿವರ್ ಹಾಕಿಸಿದ್ದರೆ ಮೊದಲು ತೆಗೆಸಿ.

ಇನ್ನೊಂದು, ಲಿವರ್ ಎಷ್ಟು ಬಗ್ಗಿದೆ ಅನ್ನುವುದು. ಗಾಡಿ ಮೇಲೆ ಎಂದಿನಂತೆ ಕುಳಿತು ಬೆರಳು ನೀಡಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು. ನನ್ನದರಲ್ಲಿ ಲಿವರ್ ಮೇಲಕ್ಕೆ ಎದ್ದಿತ್ತು, ಹಿಡಿದಾಗೆಲ್ಲ ಮಣಿಕಟ್ಟು ಹಿಂದಕ್ಕೆ ಮಡಚುತ್ತಿತ್ತು. ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಅರ್ಧ ಬೆರಳಿನಷ್ಟು ಕೆಳಗೆ ತಿರುಗಿಸಿದೆ. ಅದಕ್ಕೆ ಖರ್ಚು ಸೊನ್ನೆ.

ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದುಕೊಂಡೇ ನಿಲ್ಲುವ ಚಟ ಇದ್ದರೆ ಬಿಡಿ, ನ್ಯೂಟ್ರಲ್‌ಗೆ ಹಾಕಿ. ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದರೆ, ಬೆಳಗ್ಗೆ ಎದ್ದಾಗ ಯಾವುದಾದರೂ ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ ಮೆಕ್ಯಾನಿಕ್ ಹತ್ತಿರ ಅಲ್ಲ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ನಾನು ತಡ ಮಾಡಿ ಆರು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಬೋರ್ಡ್ ಮೇಲೆ ಬರೆದಿದ್ದೇನೆ. ಬರೆಯುವುದೂ ಎಡಗೈಯಲ್ಲೇ ನಾನು.

ಎಸ್ಸೆಸ್‌ಪುರಂ ಹುಡುಗ | ಮಂಗಳವಾರ ರಾತ್ರಿ 8:20

ಮೇಡಂ, ತುಂಬಾ ಥ್ಯಾಂಕ್ಸ್. ಕೈ ತುದಿಗೆ ಸರಿಸಿದ್ದಕ್ಕೇ ಇವತ್ತು ಸ್ವಲ್ಪ ಹಗುರ ಅನ್ನಿಸ್ತು. ಜೋಮು ಇಲ್ಲ, ಬರೀ ಸೆಳೆತ.

ಅಣ್ಣಾ, ನೀವು ಹೇಳಿದ ಹಾಗೆ ಹ್ಯಾಂಡಲ್ ತಿರುಗಿಸಿ ನೋಡ್ದೆ. ಬಲಕ್ಕೆ ತಿರುಗಿಸಿದಾಗ ಜಾಸ್ತಿ ಬಿಗಿ. ಮೊದಲು ನನ್ನ ಭ್ರಮೆ ಅನ್ಕೊಂಡೆ. ಆಮೇಲೆ ಒಂದು ಐಡಿಯಾ ಬಂತು. ಅಮ್ಮ ಹುಣಸೆಹಣ್ಣು ತೂಗೋ ಕೊಕ್ಕೆ ತಕ್ಕಡಿ ಇದೆ, ಈ ಬ್ಯಾಟರಿ ಹಾಕೋದು, ನಂಬರ್ ತೋರಿಸುತ್ತಲ್ಲ ಅದು. ಲಿವರ್ ತುದಿಯಿಂದ ಒಂದಿಂಚು ಒಳಗೆ ಮಾರ್ಕರಲ್ಲಿ ಗೆರೆ ಎಳೆದು, ಅಲ್ಲಿಗೆ ಹಳೇ ಪಂಚೆ ತುಂಡು ಕಟ್ಟಿ, ಕೊಕ್ಕೆ ಸಿಕ್ಕಿಸಿ, ಲಿವರ್ ಹಿಡಿಕೆಗೆ ತಾಗೋವರೆಗೆ ನಿಧಾನಕ್ಕೆ ಎಳೆದೆ. ಮೂರು ಮೂರು ಸಲ ನೋಡಿದೀನಿ.

ಹ್ಯಾಂಡಲ್ ನೇರ ಇದ್ದಾಗ 9 ಕೆ.ಜಿ. ಆಸುಪಾಸು. ಎಡಕ್ಕೆ 8. ಬಲಕ್ಕೆ ಪೂರ್ತಿ ತಿರುಗಿಸಿದ್ರೆ ಹತ್ತೂವರೆ.

ನಮ್ಮ ಫ್ಯಾಕ್ಟರೀಲಿ ಒಬ್ಬನ ಹತ್ರ ಇದೇ ಮಾಡೆಲ್ ಇದೆ, 4 ಸಾವಿರ ಕಿ.ಮೀ. ಓಡಿದೆ. ನಾಳೆ ತಕ್ಕಡಿ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತೀನಿ. ಗೇಟಲ್ಲಿ ಸೆಕ್ಯೂರಿಟಿ ಏನಂತಾನೋ.

ಗುಬ್ಬಿಗೇಟ್ ಗಿರಾಕಿ | ಮಂಗಳವಾರ ರಾತ್ರಿ 8:26

ಹುಣಸೆಹಣ್ಣಿನ ತಕ್ಕಡೀಲಿ ಕ್ಲಚ್ ತೂಗಿದ ಮೊದಲ ಮನುಷ್ಯ ನೀನೇ. ಎಪಿಎಂಸಿಗೆ ಹಾಕು, ರೇಟ್ ಚೆನ್ನಾಗಿದೆಯಂತೆ.

ಜೋಕ್ ಬಿಡು. ಬೆಂಗಳೂರಲ್ಲಿ ಮೆತ್ತಗಿರೋ ಕ್ಲಚ್ ಸ್ಪ್ರಿಂಗ್ ಸೆಟ್ ಸಿಗುತ್ತೆ. ಹಾಕಿಸ್ಕೋ, ಒಂದೇ ದಿನದ ಕೆಲಸ.

ಚಿಕ್ಕಬಳ್ಳಾಪುರ 40 | ಮಂಗಳವಾರ ರಾತ್ರಿ 9:10

ಸ್ಪ್ರಿಂಗ್ ವಿಷಯಕ್ಕೆ ಹೋಗಲೇಬೇಡಿ. ನಾನು ಹೋಗಿ ಬಂದವನು.

ಹಳೇ ಗಾಡೀಲಿ ನನಗೂ ಇದೇ ತೊಂದ್ರೆ ಇತ್ತು, ಯಾರೋ ಹೇಳಿದ್ರು ಅಂತ ಮೆತ್ತಗಿನ ಸ್ಪ್ರಿಂಗ್ ಹಾಕಿಸಿದೆ. ಊರೊಳಗೆ ಆಹಾ, ಬೆಣ್ಣೆ. ಎರಡು ವಾರ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ. ಆಮೇಲೊಂದು ಭಾನುವಾರ ಬೆಳಗ್ಗೆ ಐದಕ್ಕೆ ತಮ್ಮನ್ನ ಕೂರಿಸ್ಕೊಂಡು ನಂದಿಬೆಟ್ಟ. ಮೇಲಿನ ತಿರುವುಗಳು ಶುರುವಾದ್ವು ನೋಡಿ, ಎಕ್ಸಲೇಟರ್ ಕೊಟ್ರೆ ಎಂಜಿನ್ ಕಿರುಚುತ್ತೆ, ಗಾಡಿ ಮುಂದಕ್ಕೆ ಹೋಗ್ತಿಲ್ಲ. ಸುಟ್ಟ ವಾಸನೆ. ಸ್ಪ್ರಿಂಗ್ ಒತ್ತಿ ಹಿಡಿದ್ರೆ ತಾನೇ ಪ್ಲೇಟುಗಳು ಒಟ್ಟಿಗೆ ತಿರುಗೋದು? ಒತ್ತಡ ಸಾಲದೆ ಪ್ಲೇಟು ಜಾರಿ ಜಾರಿ ಕರಕಲಾಗಿತ್ತು. ಪ್ಲೇಟ್ ಸೆಟ್ಟು, ಹಳೇ ಸ್ಪ್ರಿಂಗು, ಆಯಿಲ್, ಕೂಲಿ ಎಲ್ಲಾ ಮತ್ತೆ ಕೊಟ್ಟೆ. ಸೂರ್ಯೋದಯ ಅವತ್ತು ಅರ್ಧ ದಾರೀಲೇ ನೋಡಿದ್ದು.

ಕೋಲಾರ 07 | ಮಂಗಳವಾರ ರಾತ್ರಿ 9:45

ಎಲ್ಲರೂ ಬಿಚ್ಚು, ಹಾಕು, ಎಣ್ಣೆ ಬಿಡು ಅಂತಿದೀರಿ. ಅಲ್ಲಾ ಸ್ವಾಮಿ, ಗಾಡಿ ವಾರಂಟೀಲಿದೆ. ಹೊರಗಿನವರ ಕೈಲಿ ಯಾಕೆ ಬಿಚ್ಚಿಸ್ಬೇಕು? ನಾಳೆ ಏನಾದ್ರೂ ಆದ್ರೆ ‘ನೀವೇ ಹೊರಗೆ ಮಾಡಿಸಿದ್ರಿ’ ಅಂತ ಕೈ ತೊಳ್ಕೊಳ್ತಾರೆ.

ಇವರು ಎರಡು ಸಲ ಹೇಳಿದ್ರಂತೆ, ಬಾಯಲ್ಲಿ. ಜಾಬ್ ಕಾರ್ಡಲ್ಲಿ, ಅಂದ್ರೆ ಸರ್ವೀಸ್‌ಗೆ ಬಿಟ್ಟಾಗ ದೂರು ಬರ್ಕೊಳ್ಳೋ ಚೀಟೀಲಿ, ಬರೆಸಿದ್ರಾ? ಬಾಯಿ ಮಾತಿಗೆ ದಾಖಲೆ ಎಲ್ಲಿದೆ? ‘ಕ್ಲಚ್ ಲಿವರ್ ಅತಿ ಬಿಗಿ, ಬಲಕ್ಕೆ ತಿರುಗಿಸಿದಾಗ ಹೆಚ್ಚು’ ಅಂತ ಬರೆಸಿ, ಅದರ ಪ್ರತಿ ಇಟ್ಕೊಳ್ಳಿ. ಜಗ್ಗಲಿಲ್ಲ ಅಂದ್ರೆ ಕಂಪನಿ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ. ಅದಕ್ಕೂ ಜಗ್ಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೇಗೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಅರ್ಜಿ ಶುಲ್ಕನೂ ಇಲ್ಲ.

ಶಿರಾಗೇಟ್ ಮೆಕ್ಯಾನಿಕ್ | ಮಂಗಳವಾರ ರಾತ್ರಿ 10:20

ಕೋಲಾರದ ಸಾರ್, ‘ಹೊರಗಿನವರು’ ಅಂದ್ರಿ, ಪರವಾಗಿಲ್ಲ. ವಾರಂಟಿ ಮುಗಿದ ಮರುದಿನ ಎಲ್ಲರೂ ನಮ್ಮ ಮನೆಯವರೇ ಆಗ್ತಾರೆ. ಜಾಬ್ ಕಾರ್ಡ್ ಮಾತು ನಾನೂ ಒಪ್ತೀನಿ. ಆದ್ರೆ ಶೋರೂಮಿಗೆ ಹೋಗೋ ಮುಂಚೆ ಕಾಯಿಲೆ ಎಲ್ಲಿದೆ ಅಂತ ತಿಳ್ಕೊಂಡು ಹೋದ್ರೆ ಅವರು ‘ಸೆಟ್ ಆಗುತ್ತೆ’ ಅನ್ನಕ್ಕಾಗಲ್ಲ. ನೋಡೋದಕ್ಕೆ ವಾರಂಟಿ ಹೋಗಲ್ಲ.

ತಮ್ಮಾ, ಬಲಕ್ಕೆ ತಿರುಗಿಸಿದ್ರೆ ಬಿಗಿ ಅಂದ್ಯಲ್ಲ, ಅದು ದೊಡ್ಡ ಸುಳಿವು. ಸ್ಪ್ರಿಂಗಿಗೆ ಹ್ಯಾಂಡಲ್ ಯಾವ ಕಡೆ ತಿರುಗಿದೆ ಅಂತ ಗೊತ್ತಿಲ್ಲ. ಗೊತ್ತಿರೋದು ವೈರಿಗೆ ಮಾತ್ರ.

ಸಮಯ ಸಿಕ್ಕಾಗ ಹೀಗೆ ಮಾಡು. ಎಂಜಿನ್ ಆಫ್, ತಣ್ಣಗಾಗಿರಲಿ. ಲಿವರ್ ಬುಡದಲ್ಲಿ ರಬ್ಬರ್ ಬೂಟು ಇರುತ್ತೆ, ಹಿಂದಕ್ಕೆ ಎಳಿ. ಒಳಗೆ ಅಡ್ಜಸ್ಟರ್ರು, ಅದರ ಜೊತೆ ಲಾಕ್ ರಿಂಗ್. ಎಷ್ಟು ಸುತ್ತು ತಿರುಗಿಸ್ತೀಯ ಅಂತ ಎಣಿಸ್ಕೊಂಡು ಅಡ್ಜಸ್ಟರ್ ಒಳಕ್ಕೆ ತಿರುಗಿಸು, ವೈರ್ ಸಡಿಲ ಆಗುತ್ತೆ. ಸಾಕಾಗಲಿಲ್ಲ ಅಂದ್ರೆ ಎಂಜಿನ್ ಕಡೆ ಅಡ್ಜಸ್ಟರೂ ಸಡಿಲ ಮಾಡು. ಆಮೇಲೆ ಅಡ್ಜಸ್ಟರ್ ಸೀಳು, ಲಾಕ್ ರಿಂಗ್ ಸೀಳು, ಹೋಲ್ಡರ್ ಸೀಳು ಮೂರೂ ಒಂದೇ ಸಾಲಿಗೆ ತಂದ್ರೆ ವೈರ್ ತಾನಾಗೇ ಆಚೆ ಬರುತ್ತೆ. ತುದೀಲಿರೋ ಗುಂಡು, ನಾವು ನಿಪ್ಪಲ್ ಅಂತೀವಿ, ಲಿವರಿನ ತೂತಿಂದ ಇಳಿಸ್ಕೋ.

ಈಗ ಲಿವರ್ ಒಂದನ್ನೇ ಆಡಿಸು. ಕಿರುಬೆರಳಲ್ಲಿ ತಳ್ಳಿದ್ರೂ ಲೊಟಲೊಟ ಅಂತ ಆಡಬೇಕು. ಅಲ್ಲೇ ಬಿಗಿ ಇದ್ರೆ ಲಿವರ್ ಬೋಲ್ಟ್ ಅತಿಯಾಗಿ ಟೈಟ್ ಮಾಡಿದಾರೆ ಅಂತ. ಹೊಸ ಗಾಡೀಲಿ ಇದು ಎಷ್ಟೋ ಸಲ ನೋಡಿದೀನಿ. ಮೇಲಿನ ಬೋಲ್ಟು ಹಿತವಾಗಿರ್ಬೇಕು, ಬಿಗಿಯಾಗಿರ್ಬೇಕಾದ್ದು ಕೆಳಗಿನ ಲಾಕ್ ನಟ್ಟು. ಬೋಲ್ಟ್ ತೆಗೆದು ಒರೆಸಿ, ಕಡ್ಲೆಕಾಳಿನಷ್ಟು ಗ್ರೀಸ್ ಸವರಿ ಹಾಕು. ನಿಪ್ಪಲ್‌ಗೂ ಸ್ವಲ್ಪ ಸವರು. ಅದು ತೂತಲ್ಲಿ ತಿರುಗಬೇಕು. ತಿರುಗಲಿಲ್ಲ ಅಂದ್ರೆ ಲಿವರ್ ಎಳೆದಾಗೆಲ್ಲ ವೈರು ಅದೇ ಜಾಗದಲ್ಲಿ ಮಡಚಿ ಮಡಚಿ ಒಂದೊಂದೇ ಎಳೆ ಕಿತ್ಕೊಂಡು, ಒಂದಿನ ದಾರಿ ಮಧ್ಯದಲ್ಲಿ ಕೈಗೆ ಬರುತ್ತೆ.

ಅದಾದ್ಮೇಲೆ ಎಂಜಿನ್ ಕಡೆ ತುದಿನೂ ಬಿಚ್ಚಿ, ಒಳಗಿನ ವೈರ್ ಮೇಲೆ ಕೆಳಗೆ ಎಳೆದು ನೋಡು. ಎರಡು ಬೆರಳಲ್ಲಿ ಹರಿದಾಡಬೇಕು. ಎಲ್ಲಾದ್ರೂ ಗರಗರ ಅಂದ್ರೆ, ಹಿಡಿದು ಹಿಡಿದು ಬಿಟ್ರೆ, ಕಳ್ಳ ಅಲ್ಲೇ ಇದಾನೆ. ಎಂಜಿನ್ ಆರ್ಮ್ ಮಾತ್ರ ನೀನು ಮುಟ್ಬೇಡ.

ಪ್ಲೇ ಎಷ್ಟಿರ್ಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ, ಅದರಂತೆ ಮಾಡು. ಬಹಳ ಗಾಡಿಗಳಿಗೆ ಲಿವರ್ ತುದೀಲಿ 10ರಿಂದ 20 ಮಿ.ಮೀ. ಹಗುರ ಆಗ್ಲಿ ಅಂತ ಪ್ಲೇ ಪೂರ್ತಿ ತೆಗೆದ್ರೆ ಪ್ಲೇಟ್ ಜಾರುತ್ತೆ, ಚಿಕ್ಕಬಳ್ಳಾಪುರದವರ ಕಥೆನೇ. ಜಾಸ್ತಿ ಬಿಟ್ರೆ ಕ್ಲಚ್ ಪೂರ್ತಿ ಬಿಡಲ್ಲ, ನ್ಯೂಟ್ರಲ್ ಬೀಳಲ್ಲ.

ನಿವೃತ್ತ ಮೇಷ್ಟ್ರು | ಬುಧವಾರ ಬೆಳಗ್ಗೆ 5:50

ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡಿ ನಿವೃತ್ತನಾದವನು. ಮೆಕ್ಯಾನಿಕ್ ಅವರು ‘ಹ್ಯಾಂಡಲ್ ತಿರುಗಿದ್ದು ವೈರಿಗೆ ಮಾತ್ರ ಗೊತ್ತು’ ಎಂದದ್ದು ಬಹಳ ಸರಿ. ಅದರ ಹಿಂದಿನ ಲೆಕ್ಕ ಸ್ವಾರಸ್ಯವಾಗಿದೆ, ಹೇಳದೆ ಇರಲಾಗುತ್ತಿಲ್ಲ.

ಹಳ್ಳಿಯಲ್ಲಿ ಪುಂಡು ಹೋರಿಯನ್ನು ಕಟ್ಟುವುದು ನೋಡಿದ್ದೀರಲ್ಲ. ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ನಾಲ್ಕು ಜನ ಸಾಲದು. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಹತ್ತು ವರ್ಷದ ಹುಡುಗ ತುದಿ ಹಿಡಿದು ನಿಲ್ಲಬಹುದು. ಹೋರಿಯ ಬಲವನ್ನು ಕಂಬದ ತಿಕ್ಕಾಟ ನುಂಗುತ್ತದೆ. ಕ್ಲಚ್ ವೈರ್‌ನಲ್ಲೂ ಇದೇ ನಡೆಯುವುದು, ಆದರೆ ಇಲ್ಲಿ ಹೋರಿ ನೀವು. ನೀವು ಎಳೆದ ಬಲವನ್ನು ಪ್ರತಿ ತಿರುವೂ ನುಂಗುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ತಿರುವು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಒಟ್ಟು ಎಷ್ಟು ಡಿಗ್ರಿ ತಿರುಗಿತು ಎಂಬುದೇ ಮುಖ್ಯ, ಮತ್ತು ನಷ್ಟ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ, ಅಂದರೆ ತಿಕ್ಕಾಟ ಎಷ್ಟೆಂಬ ಅಳತೆ, 0.15 ಎಂದಿಟ್ಟುಕೊಳ್ಳಿ. ಲಿವರ್‌ನಿಂದ ಎಂಜಿನ್‌ವರೆಗೆ ವೈರ್ ಒಟ್ಟು 180 ಡಿಗ್ರಿ ತಿರುಗಿದರೆ ಆ ತುದಿಯಲ್ಲಿ ಬೇಕಾದ ಬಲದ ಸುಮಾರು 1.6 ಪಟ್ಟು ಈ ತುದಿಯಲ್ಲಿ ಎಳೆಯಬೇಕು. ದಾರಿ ತಪ್ಪಿ ಇನ್ನೊಂದು 90 ಡಿಗ್ರಿ ಸೇರಿಕೊಂಡರೆ ಅದು 2 ಪಟ್ಟು. ಸ್ಪ್ರಿಂಗ್ ಅದೇ, ಎಂಜಿನ್ ಅದೇ, ಒಂದು ಅಡ್ಡ ತಿರುವಿಗೆ ಕೈ ಮೇಲಿನ ಭಾರ ಕಾಲುಭಾಗ ಏರಿತು. ವೈರ್ ಒಣಗಿದ್ದರೆ ಘರ್ಷಣಾಂಕವೂ ಏರುತ್ತದೆ, ಆಗ ಕೇಳುವುದೇ ಬೇಡ.

ಆದ್ದರಿಂದ ನನ್ನ ಸಲಹೆ: ಬಿಚ್ಚುವ ಮುಂಚೆ ಟಾರ್ಚ್ ಹಿಡಿದು ವೈರ್‌ನ ದಾರಿಯನ್ನು ಕಣ್ಣಲ್ಲೇ ನಡೆದು ಬನ್ನಿ.

ಇನ್ನು ‘ಅಸಿಸ್ಟ್ ಅಂಡ್ ಸ್ಲಿಪ್ಪರ್ ಕ್ಲಚ್’ ಎಂಬುದಿದೆ. ಹೋಂಡಾ ಹೈನೆಸ್, ಯಮಹಾ ಎಂಟಿ-15, ರಾಯಲ್ ಎನ್‌ಫೀಲ್ಡ್‌ನ 650 ಗಾಡಿಗಳಲ್ಲಿ ಇದೆ. ಒಳಗೆ ಇಳಿಜಾರು ಹಲ್ಲುಗಳಿರುತ್ತವೆ, ಎಂಜಿನ್ ಎಳೆಯುವಾಗ ಅವೇ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತವೆ. ಹಾಗಾಗಿ ಮೆತ್ತಗಿನ ಸ್ಪ್ರಿಂಗ್ ಸಾಕು, ಕೈಗೂ ಹಗುರ. ಅದಿಲ್ಲದ ಗಾಡಿಗೆ ಬರೀ ಮೆತ್ತಗಿನ ಸ್ಪ್ರಿಂಗ್ ಹಾಕಿದ್ದರಿಂದಲೇ ನಂದಿಬೆಟ್ಟದಲ್ಲಿ ಹಾಗಾದದ್ದು. ನಿಮ್ಮದರಲ್ಲಿ ಇದೆಯೇ?

ತಿಪಟೂರು 44 | ಬುಧವಾರ ಬೆಳಗ್ಗೆ 7:02

ಮೇಷ್ಟ್ರೇ, ಕಾಲೇಜಲ್ಲಿ ಹೀಗೆ ಹೇಳ್ಕೊಟ್ಟಿದ್ರೆ ನಾನು ಒಂದೇ ಸಲಕ್ಕೆ ಪಾಸಾಗ್ತಿದ್ದೆ. ಎಣ್ಣೆ ವಿಷಯ ವಾಪಸ್ ತಗೊಂಡಿದೀನಿ. ಹಾಗಾದ್ರೆ ಏನು ಬಿಡಬೇಕು ಅಂತಾದ್ರೂ ಹೇಳಿ.

ಶಿರಾಗೇಟ್ ಮೆಕ್ಯಾನಿಕ್ | ಬುಧವಾರ ಮಧ್ಯಾಹ್ನ 2:15

ತೆಳು ಎಂಜಿನ್ ಆಯಿಲ್ ಸಾಕು. ಹಾಲಿನ ಕವರ್ ತೊಳೆದು ಒಣಗಿಸಿ, ಮೂಲೆ ಒಂಚೂರು ಕತ್ತರಿಸಿ, ವೈರಿನ ಮೇಲ್ತುದಿ ಅದರೊಳಗೆ ತೂರಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ಕವರ್ ಲಾಳಿಕೆ ಥರ ಆಗುತ್ತೆ. ಎರಡು ಚಮಚ ಆಯಿಲ್ ಹಾಕಿ ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಕೆಳತುದೀಲಿ ತೊಟ್ಟಿಕ್ಕಿದ್ರೆ ಒಳಗೆಲ್ಲ ಇಳಿದಿದೆ ಅಂತ. ಗ್ರೀಸ್ ತುಂಬಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಎರಡು ದಿನದ ಸುಖ, ಇದ್ದ ಜಿಡ್ಡನ್ನೂ ತೊಳ್ಕೊಂಡು ಹೋಗುತ್ತೆ. ಈ ತಮ್ಮನಿಗೆ ಆಗಿದ್ದೂ ಅದೇ ಇರ್ಬೇಕು.

ಇದು ಹಳೇ ವೈರಿನ ಮಾತು. ಇವನದ್ದು ಒಂದು ತಿಂಗಳ ಗಾಡಿ, ಒಣಗಿರೋಕೆ ಸಾಧ್ಯ ಇಲ್ಲ. ಆಯಿಲ್ ಬಿಟ್ಟು ಸುಮ್ಮನಾಗೋ ಕೇಸಲ್ಲ ಇದು.

ಎಸ್ಸೆಸ್‌ಪುರಂ ಹುಡುಗ | ಬುಧವಾರ ರಾತ್ರಿ 10:48

ಸಿಕ್ತು. ಸಿಕ್ತು. ಸಿಕ್ತು.

ಮೊದಲಿಂದ ಹೇಳ್ತೀನಿ. ಬೆಳಗ್ಗೆ ಗೇಟಲ್ಲಿ ಸೆಕ್ಯೂರಿಟಿ ತಕ್ಕಡಿ ನೋಡಿ ‘ಏನ್ ಸಾರ್, ಸೈಡಲ್ಲಿ ತರಕಾರಿ ವ್ಯಾಪಾರನಾ’ ಅಂದ. ಊಟದ ಹೊತ್ತಲ್ಲಿ ಸ್ನೇಹಿತನ ಗಾಡಿ ತೂಗಿದ್ವಿ. ಅದೇ ಜಾಗ, ಅದೇ ಪಂಚೆ ತುಂಡು. 6 ಕೆ.ಜಿ. ಎಡಕ್ಕೆ, ಬಲಕ್ಕೆ ಎಲ್ಲಿ ತಿರುಗಿಸಿದ್ರೂ ಹೆಚ್ಚು ಕಮ್ಮಿ ಅಷ್ಟೇ. ಮೇಷ್ಟ್ರೇ, ಅಸಿಸ್ಟ್ ಎರಡು ಗಾಡೀಲೂ ಇಲ್ಲ. ಆದ್ರೂ ಅವನದ್ದು 6, ನಂದು 9.

ಸಂಜೆ ಮನೇಲಿ ಟಾರ್ಚ್ ಹಿಡ್ಕೊಂಡು ನೀವು ಹೇಳಿದ ಹಾಗೆ ವೈರ್ ಹಿಂದೆ ಹೋದೆ. ಸ್ನೇಹಿತನ ಗಾಡಿ ಫೋಟೋ ಪಕ್ಕಕ್ಕೆ ಇಟ್ಕೊಂಡಿದ್ದೆ. ಅವನದ್ರಲ್ಲಿ ವೈರು ಹೆಡ್‌ಲೈಟ್ ಹಿಂದಿನ ಕಂಬಿ ಬಳೆಯೊಳಗೆ ತೂರಿ, ದೊಡ್ಡ ಬಳಸಲ್ಲಿ ಟ್ಯಾಂಕ್ ಕೆಳಗೆ ಇಳಿಯುತ್ತೆ. ನಂದ್ರಲ್ಲಿ ಬಳೆ ಖಾಲಿ! ವೈರು ಅದರ ಹೊರಗಿಂದ ಬಂದು, ಹ್ಯಾಂಡಲ್ ಕುತ್ತಿಗೆ ಹತ್ರ ಸರ್‍ರನೆ ಮಡಚಿಕೊಂಡು ಒಳಗೆ ಹೋಗಿದೆ. ಇನ್ನೂ ಕೆಳಗೆ ನೋಡಿದ್ರೆ ಟ್ಯಾಂಕ್ ಮುಂಭಾಗದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಗು. ಫಾಗ್ ಲೈಟ್ ವೈರಿಂಗ್ ಜೊತೆ ಕ್ಲಚ್ ವೈರನ್ನೂ ಸೇರಿಸಿ ಫ್ರೇಮಿಗೆ ಬಿಗಿದು ಕಟ್ಟಿದಾರೆ. ಎಷ್ಟು ಬಿಗಿ ಅಂದ್ರೆ ವೈರಿನ ಹೊರಕವಚ ಅಲ್ಲಿ ಚಪ್ಪಟೆ ಆಗಿದೆ. ಉಗುರಲ್ಲಿ ಸವರಿದ್ರೆ ತಗ್ಗು ಸಿಗುತ್ತೆ.

ಲೆಗ್ ಗಾರ್ಡು, ಫಾಗ್ ಲೈಟು ಡೆಲಿವರಿ ದಿನವೇ ಶೋರೂಮಲ್ಲಿ ಹಾಕಿಸಿದ್ದೆ. ಅವತ್ತು ಮುಹೂರ್ತ ಮೀರುತ್ತೆ ಅಂತ ನಾನೇ ‘ಬೇಗ ಮಾಡಿ, ಬೇಗ ಮಾಡಿ’ ಅಂತ ಆ ಹುಡುಗನ ತಲೆ ಮೇಲೆ ನಿಂತಿದ್ದೆ. ಅದನ್ನ ಇಲ್ಲಿ ಮೊದಲೇ ಹೇಳ್ಬೇಕಿತ್ತು, ಸಂಬಂಧ ಇರುತ್ತೆ ಅಂತ ಹೊಳೀಲಿಲ್ಲ.

ಫೋಟೋ ತೆಗೆದು ಟ್ಯಾಗ್ ಕತ್ತರಿಸಿದೆ. ತೂಗಿದೆ. ಏಳೂಕಾಲು!

ಕೋಲಾರ 07 | ಬುಧವಾರ ರಾತ್ರಿ 10:55

ಕತ್ತರಿಸೋ ಮುಂಚೆ ಫೋಟೋ ತೆಗೆದಿದ್ದು ಒಳ್ಳೇದಾಯ್ತು. ಚಪ್ಪಟೆಯಾದ ವೈರ್ ಇಟ್ಕೋಬೇಡಿ. ಸವೆಯೋ ಸಾಮಾನಿಗೆ ವಾರಂಟಿ ಇಲ್ಲ ಅಂತ ವಾದ ಮಾಡಬಹುದು, ಒಪ್ಪಬೇಡಿ. ಇದು ಸವೆದದ್ದಲ್ಲ, ಅವರೇ ಹಿಸುಕಿದ್ದು.

ಶಿರಾಗೇಟ್ ಮೆಕ್ಯಾನಿಕ್ | ಬುಧವಾರ ರಾತ್ರಿ 11:20

ಫಾಗ್ ಲೈಟು ಅಂದ ತಕ್ಷಣ ಅರ್ಥ ಆಯ್ತು. ಟ್ಯಾಗ್ ಹಾಕೋರಿಗೆ ಎಲ್ಲಾ ವೈರೂ ಒಂದೇ. ಲೈಟಿನ ವೈರು ಅಲ್ಲಾಡಬಾರದು, ಕ್ಲಚ್ ವೈರು ಅಲ್ಲಾಡಲೇಬೇಕು, ಹ್ಯಾಂಡಲ್ ಜೊತೆ ಹೋಗಿ ಬಂದು ಮಾಡ್ಬೇಕು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದ್ರೆ ಹೀಗೇ.

ಹೊಸ ವೈರ್ ಹಾಕ್ಸು, ದಾರಿ ಸರಿ ಮಾಡ್ಸು, ಲಿವರ್ ಬೋಲ್ಟ್ ನೋಡ್ಸು. ಆಮೇಲೆ ಹ್ಯಾಂಡಲ್ ಆ ತುದಿಯಿಂದ ಈ ತುದಿಗೆ ತಿರುಗಿಸಿ ಪ್ಲೇ ಬದಲಾಗಲ್ಲ ಅಂತ ನೋಡ್ಕೊಂಡೇ ಅಲ್ಲಿಂದ ಹೊರಡು.

ನಿವೃತ್ತ ಮೇಷ್ಟ್ರು | ಗುರುವಾರ ಬೆಳಗ್ಗೆ 5:45

ಟ್ಯಾಗ್ ಕತ್ತರಿಸಿದ್ದಕ್ಕೆ ಏಳೂಕಾಲು ಬಂತೆಂದರೆ ಉಳಿದ ಒಂದೂಕಾಲು ಕೆ.ಜಿ. ಹೆಚ್ಚಿನಂಶ ಆ ಅಡ್ಡ ತಿರುವಿನದು, ಸ್ವಲ್ಪ ಲಿವರ್ ಬೋಲ್ಟಿನದು ಇರಬಹುದು. ಸರಿಪಡಿಸಿದ ಮೇಲಿನ ಅಂಕಿ ದಯವಿಟ್ಟು ಇಲ್ಲಿ ಹಾಕಿ. ನಿದ್ದೆ ಬರುವುದಿಲ್ಲ.

ಎಸ್ಸೆಸ್‌ಪುರಂ ಹುಡುಗ | ಶನಿವಾರ ಸಂಜೆ 6:30

ಮೇಷ್ಟ್ರೇ, ಇವತ್ತು ನಿದ್ದೆ ಮಾಡಿ. 5.9.

ಅರ್ಧ ದಿನ ರಜೆ ಹಾಕಿ ಶೋರೂಮಿಗೆ ಹೋದೆ. ಕೌಂಟರಲ್ಲಿ ಮತ್ತೆ ‘ಹೊಸ ಗಾಡಿ ಸಾರ್’ ಅಂತ ಶುರು ಮಾಡಿದ್ರು. ನಾನು ಜಗಳ ಆಡ್ಲಿಲ್ಲ. ‘ಜಾಬ್ ಕಾರ್ಡಲ್ಲಿ ಬರ್ಕೊಳಿ’ ಅಂದೆ, ಎರಡು ಗಾಡಿ ಫೋಟೋ ಪಕ್ಕಪಕ್ಕ ತೋರಿಸ್ದೆ, ಬ್ಯಾಗಿಂದ ತಕ್ಕಡಿ ತೆಗೆದು ಟೇಬಲ್ ಮೇಲಿಟ್ಟೆ. ಒಳಗಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದ್ರು, ಹ್ಯಾಂಡಲ್ ಒಂದು ಸಲ ಬಲಕ್ಕೆ ತಿರುಗಿಸಿ ಕ್ಲಚ್ ಹಿಡಿದು ‘ಯಾರೋ ಇದು ಹಾಕಿದ್ದು’ ಅಂತ ಒಳಗೆ ಕೂಗಿದ್ರು. ಅಷ್ಟೇ. ಹೊಸ ವೈರು, ಬಳೆಯೊಳಗಿಂದ ದಾರಿ, ಫಾಗ್ ಲೈಟ್ ವೈರಿಂಗ್ ಬೇರೆ ಕಡೆಯಿಂದ. ಲಿವರ್ ಬೋಲ್ಟೂ ಬಿಗಿಯಾಗಿತ್ತಂತೆ, ಸಡಿಲಿಸಿ ಗ್ರೀಸ್ ಹಾಕಿದ್ರು. ದುಡ್ಡು ಕೇಳ್ಲಿಲ್ಲ. ಆ ಹಿರಿಯರೂ ತಮ್ಮ ಎದುರಿಗೇ ಒಂದು ಸಲ ತೂಗು ಅಂದ್ರು. ನಂಬರ್ ನೋಡಿ ತಕ್ಕಡಿ ಎಲ್ಲಿ ತಗೊಂಡೆ ಅಂತ ವಿಚಾರಿಸ್ಕೊಂಡ್ರು.

ಮೇಡಂ ಹೇಳಿದ ಹಾಗೆ ಲಿವರ್ ಸ್ವಲ್ಪ ಕೆಳಗೆ ತಿರುಗಿಸ್ಕೊಂಡಿದೀನಿ. ಬರ್ತಾ ಬೇಕಂತಲೇ ಟೌನ್‌ಹಾಲ್ ಕಡೆಯಿಂದ ಬಂದೆ. ನಾಳೆ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮತ್ತೆ ದೇವರಾಯನದುರ್ಗ. ಹೆಂಡತಿ ಬರ್ತೀನಿ ಅಂದಿದಾಳೆ, ಆದ್ರೆ ಆ ತಿರುವು ಬರೋ ಮುಂಚೆ ಇಳೀತಾಳಂತೆ.

ಮಧುಗಿರಿ ಮೇಡಂ | ಶನಿವಾರ ಸಂಜೆ 7:05

ಇಳಿಯಲಿ ಬಿಡಿ, ಅವರ ಕಡೆಗೇ ನನ್ನ ಓಟು. ಸೆಳೆತ ಪೂರ್ತಿ ಹೋಗುವವರೆಗೆ ಒಂದೆರಡು ವಾರ ಕೈಗೆ ಬಿಸಿನೀರಿನ ಶಾಖ ಕೊಡಿ.

ಗುಬ್ಬಿಗೇಟ್ ಗಿರಾಕಿ | ಶನಿವಾರ ರಾತ್ರಿ 9:15

ಇಷ್ಟು ದಿನ ನಗಾಡ್ತಿದ್ದೆ. ಈಗ ಸುಮ್ನೆ ಟಾರ್ಚ್ ಹಿಡ್ಕೊಂಡು ನಂದೂ ನೋಡ್ದೆ. ನಂಗೂ ಫಾಗ್ ಲೈಟ್ ಇದೆ. ಎರಡು ಟ್ಯಾಗು. ಒಂದ್ರಲ್ಲಿ ಕ್ಲಚ್ ವೈರು, ಇನ್ನೊಂದ್ರಲ್ಲಿ ಎಕ್ಸಲೇಟರ್ ವೈರು. ಶಿರಾಗೇಟಣ್ಣ, ಭಾನುವಾರ ಅಂಗಡಿ ತೆಗೀತೀರಾ?

ಶಿರಾಗೇಟ್ ಮೆಕ್ಯಾನಿಕ್ | ಶನಿವಾರ ರಾತ್ರಿ 9:40

ಮಧ್ಯಾಹ್ನದವರೆಗೆ ಇರ್ತೀನಿ, ಬಾ. ಎಕ್ಸಲೇಟರ್ ಟ್ಯಾಗ್ ಮಾತ್ರ ಈಗಲೇ ಕತ್ತರಿಸು. ಹ್ಯಾಂಡಲ್ ತಿರುಗಿಸಿದಾಗ ಗಾಡಿ ತಾನಾಗೇ ರೇಸ್ ಆಗುತ್ತೆ.